ವಿಕಿಗಳು: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಓದುಗರಿಗೆ ಎಷ್ಟು ಉಪಯೋಗ, ಎಷ್ಟು ನೆಚ್ಚಿಕೆ?

ವಿಕಿ ಎಂದರೆ ಓದಲು ಬಂದವರೇ ತಿದ್ದಬಹುದಾದ, ತಿದ್ದಿದ್ದೆಲ್ಲ ದಾಖಲಾಗಿ ಉಳಿಯುವ ಅಂತರಜಾಲ ಪುಟಗಳ ಕಟ್ಟು. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರ ಮಾರ್ಚ್ 25ರಂದು ಇಂಥ ಮೊದಲ ತಾಣವನ್ನು ಹೊರತಂದರು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಜನರನ್ನು ಸಾಗಿಸುವ ‘ವಿಕಿ ವಿಕಿ’ ಬಸ್ಸಿನ ಹೆಸರು ಅವರಿಗೆ ಹಿಡಿಸಿತ್ತು. ಕುಮಟಾ–ಹೊನ್ನಾವರ ಟೆಂಪೊ ಹತ್ತಿದವರಿಗೆ ಈ ಅವಸರ ಹೊಸದಲ್ಲ. ಬೇಗ ತಲುಪಿಸುತ್ತದೆ ಎಂಬುದು ಒಂದು ಮಾತು, ಸರಿಯಾದ ಕಡೆ ಇಳಿಸುತ್ತದೆಯೇ ಎಂಬುದು ಇನ್ನೊಂದು. ವಿಕಿಗಳ ಬಗ್ಗೆ ಶಿಕ್ಷಕರೂ ಗ್ರಂಥಪಾಲಕರೂ ಇಷ್ಟು ವರ್ಷ ನಡೆಸಿಕೊಂಡು ಬಂದ ವಾದವೆಲ್ಲ ಈ ಎರಡು ಮಾತುಗಳ ನಡುವಿನದು.

ವಿಕಿಗಳಲ್ಲಿ ದೊಡ್ಡದು ವಿಕಿಪೀಡಿಯ. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭಿಸಿದ ಈ ವಿಶ್ವಕೋಶದ ಕನ್ನಡ ಆವೃತ್ತಿ 2003ರ ಜೂನ್‌ನಲ್ಲಿ ಹುಟ್ಟಿತು. ಇಂಗ್ಲಿಷಿನದು ಈಗ 70 ಲಕ್ಷ ಲೇಖನಗಳನ್ನು ದಾಟಿದೆ, ಕನ್ನಡದ್ದು 30,000 ದಾಟಿದೆ. ಜೊತೆಗೆ ಹಳೆಯ ಪುಸ್ತಕಗಳನ್ನು ಪಠ್ಯವಾಗಿ ಉಳಿಸುವ ವಿಕಿಸೋರ್ಸ್, ಪದಕೋಶವಾದ ವಿಕ್ಷನರಿ, ಚಿತ್ರಗಳ ಭಂಡಾರವಾದ ಕಾಮನ್ಸ್ ಇವೆ. ನೆರೆಯ ಭಾಷೆಗಳಲ್ಲಿ ಕೊಂಕಣಿ ವಿಕಿಪೀಡಿಯ 2015ರಲ್ಲೂ ತುಳು ವಿಕಿಪೀಡಿಯ 2016ರಲ್ಲೂ ಬಂದವು. ಮನೆಯಲ್ಲಿ ಕೊಂಕಣಿ ಅಥವಾ ನವಾಯತಿ, ಶಾಲೆಯಲ್ಲಿ ಕನ್ನಡ ಇಲ್ಲವೆ ಉರ್ದು, ಪರೀಕ್ಷೆಯ ಹೊತ್ತಿಗೆ ಇಂಗ್ಲಿಷ್ ಎಂದು ಹಲವು ನುಡಿಗಳ ನಡುವೆ ಓಡಾಡುವ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಒಂದೇ ವಿಷಯದ ಪುಟವನ್ನು ಭಾಷೆ ಬದಲಿಸಿ ನೋಡುವ ಅನುಕೂಲ ಯಾವ ಮುದ್ರಿತ ಕೋಶದಲ್ಲೂ ಇಲ್ಲ.

ಕನ್ನಡಕ್ಕೆ ವಿಶ್ವಕೋಶ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಒಬ್ಬರೇ ಹೊತ್ತು ತಂದರು. ಆಮೇಲೆ ‘ವಿಜ್ಞಾನ ಪ್ರಪಂಚ’ ಬಂತು. ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನು ಓದಿ ಬೆಳೆದ ತಲೆಮಾರು ಈಗಲೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಹೊರಬಂದರೆ, ಹದಿನಾಲ್ಕನೆಯದು ಬರುವಷ್ಟರಲ್ಲಿ 2004 ಆಗಿತ್ತು. ಕೊನೆಯ ಸಂಪುಟ ಅಚ್ಚಾಗುವಾಗ ಮೊದಲ ಸಂಪುಟದ ಅಂಕಿಅಂಶಗಳಿಗೆ ಮೂವತ್ತೈದು ವರ್ಷ! ಇದು ಸಂಪಾದಕರ ತಪ್ಪಲ್ಲ, ಕಾಗದದ ಸ್ವಭಾವ. 2014ರಲ್ಲಿ ವಿಶ್ವವಿದ್ಯಾನಿಲಯ ಈ ಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದ ಅದರ ಬರಹಗಳು ಕನ್ನಡ ವಿಕಿಸೋರ್ಸಿಗೂ ವಿಕಿಪೀಡಿಯಕ್ಕೂ ಬಂದವು. ಅದೇ ವರ್ಷ ನಿರಂಜನರ 55 ಪುಸ್ತಕಗಳೂ ಹೀಗೆಯೇ ಮುಕ್ತವಾದವು. ಇಂಗ್ಲಿಷಿನ ವಿಶ್ವಕೋಶ ಬ್ರಿಟಾನಿಕಾವಂತೂ 2012ರಲ್ಲಿ ಮುದ್ರಣವನ್ನೇ ನಿಲ್ಲಿಸಿತು.

ವಿದ್ಯಾರ್ಥಿಗೆ ವಿಕಿಯಿಂದ ಸಿಗುವುದು ಮೊದಲನೆಯದಾಗಿ ಕೊಂಡಿ. ಒಂದು ಉದಾಹರಣೆ ನೋಡಿ. ಹತ್ತೊಂಬತ್ತನೇ ಶತಮಾನದ ಬಟ್ಟೆ ಗಿರಣಿಗಳ ಚರಿತ್ರೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬರುತ್ತದೆ. ಕುಮಟೆಯ ಹುಡುಗನಿಗೆ ಇದು ಒಗಟು. ತೆಂಗು, ಗಜನಿ ಗದ್ದೆ, ಉಪ್ಪುನೀರಿನ ಊರಿನಲ್ಲಿ ಹತ್ತಿ ಎಲ್ಲಿಂದ ಬಂತು? ಹತ್ತಿ ಬೆಳೆದದ್ದು ಧಾರವಾಡ–ಹುಬ್ಬಳ್ಳಿಯ ಎರೆನೆಲದಲ್ಲಿ. ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತಿದ್ದರಿಂದ ಅದಕ್ಕೆ ಬಂದರಿನ ಹೆಸರು ಅಂಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯದಕ್ಕೆ ಚಿನ್ನದ ಬೆಲೆ ಬಂತು. ಮುಂದೆ ರೈಲು ಗೋವೆಯ ಮುರಗಾಂವಿಗೆ ಹೋದ ಮೇಲೆ ಕುಮಟಾ ಬಂದರು ಬಡವಾಯಿತು. ಊರು, ಬೆಳೆ, ಯುದ್ಧ, ರೈಲು ನಾಲ್ಕೂ ನಾಲ್ಕು ಪುಸ್ತಕಗಳ ವಿಷಯ. ನಾಲ್ಕೂ ಪುಸ್ತಕ ಇರುವ ಗ್ರಂಥಾಲಯ ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ಕಷ್ಟ. ವಿಕಿಯಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹಾರುತ್ತ ಅರ್ಧ ಗಂಟೆಯಲ್ಲಿ ಈ ನಂಟನ್ನು ಹಿಡಿಯಬಹುದು.

ಎರಡನೆಯದು ಹೊಲಬು, ಅಂದರೆ ಮೂಲ ಎಲ್ಲಿದೆ ಎಂಬ ಸುಳಿವು. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ ಎಂದು ಅವನ ಪ್ರವಾಸಕಥನದಲ್ಲಿದೆ. ಹದಿನಾಲ್ಕನೇ ಶತಮಾನದ ಒಂದು ಬಂದರು ಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆ ಎಂದರೆ ಯಾವ ವಿದ್ಯಾರ್ಥಿನಿಯ ಕಿವಿಯಾದರೂ ನೆಟ್ಟಗಾದೀತು. ವಿಕಿ ಪುಟದಲ್ಲಿ ಈ ಅಂಕಿ ಓದಿದವಳು ಅಲ್ಲಿಗೇ ನಿಂತರೆ ಅದು ಬರೀ ಬಾಯಿಮಾತು. ಅಡಿಟಿಪ್ಪಣಿಯ ಜಾಡು ಹಿಡಿದು ಪ್ರವಾಸಕಥನದ ಅನುವಾದದವರೆಗೆ ಹೋದರೆ ಆ ಶಾಲೆಗಳು ಕುರಾನ್ ಪಾಠದ ಹಿನ್ನೆಲೆಯಲ್ಲಿ ಬರುತ್ತವೆ, ಊರಿನ ಹೆಂಗಸರು ಕುರಾನನ್ನು ಕಂಠಪಾಠ ಮಾಡಿದ್ದರೆಂಬ ಮಾತಿನ ಜೊತೆಗೇ ಇವೆ ಎಂದು ತಿಳಿಯುತ್ತದೆ. ಅಂಕಿ ಅದೇ, ಅರ್ಥ ಬೇರೆ.

ಇನ್ನು ನೆಚ್ಚಿಕೆಯ ಪ್ರಶ್ನೆ.

ಈ ಚರ್ಚೆ ಎದ್ದಾಗಲೆಲ್ಲ ಎರಡು ಹಳೆಯ ಪ್ರಸಂಗಗಳು ಎದುರಾಗುತ್ತವೆ, ಎರಡೂ 2005ರವು. ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಮೇಲೆ ಕೆನಡಿ ಸಹೋದರರ ಕೊಲೆಯ ಶಂಕೆ ಇತ್ತೆಂದು ಯಾರೋ ಕಿಡಿಗೇಡಿ ಬರೆದದ್ದು ಇಂಗ್ಲಿಷ್ ವಿಕಿಪೀಡಿಯದಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನದ 42 ವಿಷಯಗಳ ಲೇಖನಗಳನ್ನು ವಿಕಿಪೀಡಿಯ ಮತ್ತು ಬ್ರಿಟಾನಿಕಾ ಎರಡರಿಂದಲೂ ತೆಗೆದು ತಜ್ಞರ ಮುಂದಿಟ್ಟಿತು. ಗಂಭೀರ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಸಣ್ಣಪುಟ್ಟವು ವಿಕಿಪೀಡಿಯದಲ್ಲಿ 162, ಬ್ರಿಟಾನಿಕಾದಲ್ಲಿ 123. ಬ್ರಿಟಾನಿಕಾ ಈ ಪರೀಕ್ಷೆಯ ವಿಧಾನವನ್ನೇ ಒಪ್ಪಲಿಲ್ಲ. ವಿಕಿಯ ಪಕ್ಷದವರು ಇಂದಿಗೂ ಈ ಲೆಕ್ಕವನ್ನು ಗುರಾಣಿಯಂತೆ ಹಿಡಿಯುತ್ತಾರೆ. ಆದರೆ ಅದು ಇಂಗ್ಲಿಷಿನ ವಿಜ್ಞಾನ ಲೇಖನಗಳ ಲೆಕ್ಕ. ಸಾವಿರ ಕಣ್ಣು ಹಾಯುವ ಪುಟಕ್ಕೂ, ವರ್ಷಕ್ಕೊಮ್ಮೆ ಯಾರೋ ಒಬ್ಬರು ಇಣುಕುವ ಭಟ್ಕಳ ತಾಲ್ಲೂಕಿನ ಹಳ್ಳಿಯ ಪುಟಕ್ಕೂ ಅದೇ ಅಳತೆಗೋಲು ಹಿಡಿಯಲಾಗದು. ನೆಚ್ಚಿಕೆಯನ್ನು ಇಡೀ ವಿಕಿಗೆ ಒಟ್ಟಾಗಿ ಕೊಡುವಂತಿಲ್ಲ, ಪುಟ ಪುಟಕ್ಕೂ ಬೇರೆಯಾಗಿ ಅಳೆಯಬೇಕು.

ಅಳೆಯುವುದು ಹೇಗೆ? ಕುಮಟಾದ ಕಾಲೇಜೊಂದರ ವಿದ್ಯಾರ್ಥಿನಿಗೆ ಮಿರ್ಜಾನ್ ಕೋಟೆಯ ಮೇಲೆ ಪ್ರಬಂಧ ಬರೆಯುವ ಕೆಲಸ ಬಿದ್ದಿದೆ ಎಂದಿಟ್ಟುಕೊಳ್ಳೋಣ. ಕೋಟೆ ಕಟ್ಟಿಸಿದವರು ಯಾರು ಎಂಬ ಮೊದಲ ಪ್ರಶ್ನೆಗೇ ಎರಡು ಉತ್ತರ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಎಂಬುದು ಜನಪ್ರಿಯ ಉತ್ತರ. ಕಾಳುಮೆಣಸಿನ ವ್ಯಾಪಾರದಿಂದಾಗಿ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಇನ್ನೊಂದು ಉತ್ತರ 1608ರ ಆಸುಪಾಸಿನ ಶರೀಫ್-ಉಲ್-ಮುಲ್ಕ್ ಎಂಬ ಅಧಿಕಾರಿಯ ಹೆಸರು ಹೇಳುತ್ತದೆ. ಇಂಗ್ಲಿಷ್ ವಿಕಿಪೀಡಿಯ ಈ ಬಗೆಯ ಹೇಳಿಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದೆ. ಪ್ರವಾಸಿಗನಿಗೆ ಇದು ಗೊಂದಲ. ವಿದ್ಯಾರ್ಥಿಗೆ ಇದೇ ಲಾಭ, ಏಕೆಂದರೆ ಒಂದೇ ಉತ್ತರವನ್ನು ಖಡಾಖಂಡಿತವಾಗಿ ಹೇಳುವ ಪ್ರವಾಸಿ ಕೈಪಿಡಿ ವಿವಾದವನ್ನೇ ಮುಚ್ಚಿಡುತ್ತದೆ.

ಈಗ ಆಕೆ ಪುಟದ ಮೇಲ್ತುದಿಯ ‘ಇತಿಹಾಸ’ ಎಂಬ ಗುಂಡಿ ಒತ್ತಬೇಕು. ಪುಟ ಹುಟ್ಟಿದ ದಿನದಿಂದ ಇವತ್ತಿನವರೆಗೆ ಯಾರು, ಎಷ್ಟು ಗಂಟೆಗೆ, ಏನು ತಿದ್ದಿದರು ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಯಾವುದೇ ಎರಡು ದಿನಾಂಕಗಳನ್ನು ಗುರುತಿಸಿ ಹೋಲಿಸಿದರೆ ಸೇರಿದ್ದು ಒಂದು ಬಣ್ಣದಲ್ಲಿ, ಹೋದದ್ದು ಇನ್ನೊಂದು ಬಣ್ಣದಲ್ಲಿ ಕಾಣುತ್ತದೆ. ಆಧಾರವಿಟ್ಟು ಬರೆದ ವಾಕ್ಯ ಯಾವುದು, ಹೆಸರಿಲ್ಲದ ಯಾರೋ ನಡುರಾತ್ರಿ ತುರುಕಿದ ವಾಕ್ಯ ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ. ಅನುಮಾನದ ಸಾಲಿನ ಪಕ್ಕ ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂಬ ಚೀಟಿ ಅಂಟಿರುತ್ತದೆ. ತೀರ ಚಿಕ್ಕ ಲೇಖನಕ್ಕೆ ಕನ್ನಡ ವಿಕಿಯವರು ‘ಚುಟುಕು’ ಎನ್ನುತ್ತಾರೆ, ಸಮುದಾಯದ ಮಾತುಕತೆಯ ಜಾಗಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಲೇಖನ ಲೇಖನಕ್ಕೂ ಇರುವ ಚರ್ಚೆಪುಟವನ್ನು ಯಕ್ಷಗಾನದ ಈ ಸೀಮೆಯವರು ತಾಳಮದ್ದಲೆ ಎಂದರೂ ಸಲ್ಲುತ್ತದೆ. ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ವಾದ ಹೂಡುತ್ತಾರೆ. ವ್ಯತ್ಯಾಸ ಇಷ್ಟೇ: ಇಲ್ಲಿ ಮಾತಿನ ಚಮತ್ಕಾರಕ್ಕೆ ಚಪ್ಪಾಳೆ ಇಲ್ಲ, ಪುಸ್ತಕದ ಪುಟಸಂಖ್ಯೆ ತಂದವನು ಗೆಲ್ಲುತ್ತಾನೆ. ಕನಿಷ್ಠ ಹಾಗಾಗಬೇಕು ಎಂಬುದು ನಿಯಮ.

ಮುದ್ರಿತ ಪುಸ್ತಕದಲ್ಲಿ ಇಂಥ ಕಿಂಡಿ ಇಲ್ಲ. ಅದರ ಲೇಖಕ ಯಾವ ವಾಕ್ಯವನ್ನು ಎಲ್ಲಿಂದ ಎತ್ತಿದ, ಯಾವುದನ್ನು ಅಂದಾಜಿನ ಮೇಲೆ ಬರೆದ ಎಂಬುದು ಅವನಿಗೆ ಮಾತ್ರ ಗೊತ್ತು. ವಿಕಿಯ ತಪ್ಪು ಬಯಲಿನಲ್ಲಿ ಬಿದ್ದಿರುತ್ತದೆ, ಪುಸ್ತಕದ ತಪ್ಪು ರಟ್ಟಿನ ಒಳಗೆ.

ತಾಳೆ ನೋಡುವ ಅಭ್ಯಾಸ ಬಂದರೆ ಊರಿನ ಹೆಸರೂ ಪಾಠವಾಗುತ್ತದೆ. ಜೈನ ಯತಿ ಭಟ್ಟಾಕಳಂಕನಿಂದ ಭಟ್ಕಳ ಎಂಬ ಹೆಸರು ಬಂತು ಎಂಬ ಮಾತು ಅಂತರಜಾಲದ ತುಂಬ ಇದೆ. ಕನ್ನಡ ವಿದ್ಯಾರ್ಥಿಗೆ ಗೊತ್ತಿರುವ ಭಟ್ಟಾಕಳಂಕ ದೇವ ‘ಕರ್ಣಾಟಕ ಶಬ್ದಾನುಶಾಸನ’ ಬರೆದ ವೈಯಾಕರಣಿ, ಆ ಕೃತಿಯ ಕಾಲ 1604. ಆದರೆ 1502ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಈ ಬಂದರಿನ ಮೇಲೆ ಬಿದ್ದ ಕಥೆಯಲ್ಲೇ, ಹಾಗೂ ಆ ಶತಮಾನದ ಮೊದಲ ದಶಕಗಳಲ್ಲಿ ದುವಾರ್ತೆ ಬಾರ್ಬೊಸ ಬರೆದದ್ದರಲ್ಲೇ ‘ಬಟಿಕಾಲ’ ಎಂಬ ಹೆಸರು ಬಂದಾಗಿದೆ. ನೂರು ವರ್ಷ ಮೊದಲೇ ಇದ್ದ ಹೆಸರು ಆಮೇಲೆ ಬಂದ ವೈಯಾಕರಣಿಯಿಂದ ಹುಟ್ಟುವುದು ಹೇಗೆ? ಅಕಳಂಕ ಎಂಬ ಹೆಸರಿನ ಜೈನ ಯತಿಗಳು ಒಬ್ಬರಿಗಿಂತ ಹೆಚ್ಚು ಇದ್ದರು, ಆದ್ದರಿಂದ ವಾದ ಪೂರ್ತಿ ಬಿದ್ದುಹೋಗುವುದಿಲ್ಲ. ಶಬ್ದಾನುಶಾಸನದವನಂತೂ ಅಲ್ಲ. ಇಷ್ಟನ್ನು ಕಂಡುಹಿಡಿಯಲು ಸಂಶೋಧಕನೇ ಆಗಬೇಕಿಲ್ಲ. ಎರಡು ಪುಟ ತೆರೆದು ಎರಡು ಇಸವಿಗಳನ್ನು ಪಕ್ಕದಲ್ಲಿ ಬರೆದುಕೊಂಡರೆ ಸಾಕು.

ಇಸವಿಯ ತಕರಾರು ಇತ್ತೀಚಿನವರ ವಿಷಯದಲ್ಲೂ ಬರುತ್ತದೆ. ಪಕ್ಕದ ಅಂಕೋಲಾ ತಾಲ್ಲೂಕಿನ ವೃಕ್ಷಮಾತೆ ತುಳಸಿ ಗೌಡರಿಗೆ ಪದ್ಮಶ್ರೀ ಬಂದದ್ದು 2020ರಲ್ಲಿ ಎಂದು ಕೆಲವರು, 2021ರಲ್ಲಿ ಎಂದು ಕೆಲವರು ಬರೆಯುತ್ತಾರೆ. ಘೋಷಣೆ ಆದದ್ದು 2020ರ ಜನವರಿಯಲ್ಲಿ, ಕೊರೊನಾ ಕಾರಣದಿಂದ ತಡವಾಗಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಹೋಗಿ ಅವರು ಪ್ರಶಸ್ತಿ ಪಡೆದದ್ದು 2021ರ ನವೆಂಬರಿನಲ್ಲಿ. ಇಬ್ಬರೂ ಸುಳ್ಳು ಹೇಳಿಲ್ಲ. ಹಾಗೆಯೇ ಹಾಣೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ 1979ರದು, ಆದರೆ ಕಪಾಟಿನಲ್ಲಿರುವ ಪ್ರತಿಯ ಮೇಲೆ ಮರುಮುದ್ರಣದ ಇಸವಿ ಇದ್ದರೆ ಅವಸರದವರು ಅದನ್ನೇ ಪ್ರಕಟಣೆಯ ವರ್ಷ ಎಂದು ಬರೆದುಬಿಡುತ್ತಾರೆ. ಶೀರ್ಷಿಕೆ ಪುಟದ ಹಿಂಬದಿಯ ಸಣ್ಣಕ್ಷರವನ್ನು ಓದುವುದು ಗ್ರಂಥಪಾಲಕರಿಗೆ ದಿನನಿತ್ಯದ ಕೆಲಸ. ವಿಕಿಗೆ ಬೇಕಾಗಿರುವುದೂ ಅಂಥದೇ ಕಣ್ಣು.

ಹಳತಾಗುವ ಮಾಹಿತಿಯ ವಿಷಯದಲ್ಲಿ ವಿಕಿಗೆ ಮೇಲುಗೈ ಇದೆ. ಮುರುಡೇಶ್ವರದ 123 ಅಡಿಯ ಶಿವನನ್ನು ಜಗತ್ತಿನಲ್ಲೇ ಎರಡನೇ ಅತಿ ಎತ್ತರದ ಶಿವಮೂರ್ತಿ ಎಂದು ಹೇಳುವ ಕೈಪಿಡಿಗಳು ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ನೇಪಾಳದ ಕೈಲಾಸನಾಥನದು 143 ಅಡಿ, ರಾಜಸ್ಥಾನದ ನಾಥದ್ವಾರದಲ್ಲಿ 2022ರಲ್ಲಿ ಲೋಕಾರ್ಪಣೆಯಾದ ಮೂರ್ತಿ 369 ಅಡಿ. ಭಟ್ಕಳ, ಹೊನ್ನಾವರ, ಕುಮಟಾ ಮೂರನ್ನೂ ಪೋಣಿಸುವ ಹೆದ್ದಾರಿ 17 ಎಂಬ ಸಂಖ್ಯೆ ಕಳಚಿಕೊಂಡು 66 ಆದದ್ದು 2010ರಲ್ಲಿ, ಹಳೆಯ ನಕಾಶೆಗಳಿಗೆ ಅದು ಗೊತ್ತಿಲ್ಲ. ಆದರೆ ವಿಕಿ ತಾನಾಗಿಯೇ ಹೊಸದಾಗುವುದಿಲ್ಲ. ಯಾರಾದರೂ ಕೂತು ತಿದ್ದಬೇಕು. ಮುಕ್ತವಾದ ಹಳೆಯ ವಿಶ್ವಕೋಶದಿಂದ ಎತ್ತಿ ಹಾಕಿದ ಲೇಖನದಲ್ಲಿ ‘ಈಗ’ ಎಂದಿದ್ದರೆ ಅದು ಎಪ್ಪತ್ತರ ದಶಕದ ಈಗ ಇರಬಹುದು. ಓದುವವರು ಇದನ್ನು ಮರೆತರೆ ಜನಸಂಖ್ಯೆಯಿಂದ ಹಿಡಿದು ಜಿಲ್ಲೆಯ ಹೆಸರಿನವರೆಗೆ ಎಲ್ಲವೂ ಎಡವಟ್ಟು. ಉತ್ತರ ಕನ್ನಡ ಎಂಬ ಹೆಸರೇ 1977ರದು, ಅಲ್ಲಿಯವರೆಗೆ ಅದು ನಾರ್ತ್ ಕೆನರಾ.

ಕನ್ನಡ ವಿಕಿಪೀಡಿಯದ್ದೇ ಆದ ಇನ್ನೊಂದು ತೊಡಕು ಭಾಷೆಯದು. 2009ರಿಂದ 2011ರ ನಡುವೆ ಗೂಗಲ್ ಸಂಸ್ಥೆ ತನ್ನ ಅನುವಾದದ ಉಪಕರಣವನ್ನು ಬೆಳೆಸುವುದಕ್ಕಾಗಿ ಹಣ ಕೊಟ್ಟು ಇಂಗ್ಲಿಷ್ ಲೇಖನಗಳನ್ನು ಕನ್ನಡ, ತೆಲುಗು, ತಮಿಳು, ಹಿಂದಿ ಮುಂತಾದ ಭಾಷೆಗಳಿಗೆ ತರಿಸಿತು. ಉದ್ದುದ್ದ ಲೇಖನಗಳು ಬಂದವು. ಅಕ್ಷರ ಕನ್ನಡದ್ದು, ವಾಕ್ಯದ ಎಲುಬು ಇಂಗ್ಲಿಷಿನದು. ಅಂಥ ಪುಟವನ್ನು ಓದಿ ಅರ್ಥ ಮಾಡಿಕೊಳ್ಳಲು ಮತ್ತೆ ಇಂಗ್ಲಿಷ್ ಪುಟಕ್ಕೇ ಹೋಗಬೇಕಾದ ಪಾಡು. ಬಂಗಾಳಿ ವಿಕಿಯವರು ಈ ಸರಕನ್ನು ಬೇಡವೆಂದರು. ಕನ್ನಡದಲ್ಲಿ ಅದನ್ನು ಹದಕ್ಕೆ ತರುವ ಕೆಲಸ ವರ್ಷಗಟ್ಟಲೆ ಬೆರಳೆಣಿಕೆಯ ಸ್ವಯಂಸೇವಕರ ಹೆಗಲಿಗೆ ಬಿತ್ತು. ಚಿಕ್ಕ ಭಾಷೆಗಳ ವಿಕಿಗೆ ಇದಕ್ಕಿಂತ ದೊಡ್ಡ ಪೆಟ್ಟೂ ಬಿದ್ದದ್ದುಂಟು. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಸಾವಿರಾರು ಲೇಖನಗಳನ್ನು ಆ ಭಾಷೆಯೇ ಬಾರದ ಅಮೆರಿಕದ ಹುಡುಗನೊಬ್ಬ ಬರೆದಿದ್ದ ಎಂಬುದು 2020ರ ಆಗಸ್ಟಿನಲ್ಲಷ್ಟೇ ಹೊರಬಿತ್ತು. ನೋಡುವ ಕಣ್ಣು ಕಡಿಮೆಯಾದಷ್ಟೂ ಇಂಥದಕ್ಕೆ ಎಡೆ ಹೆಚ್ಚು.

ವಿದ್ಯಾರ್ಥಿಗಳಿಂದಲೇ ಬರೆಸಿದರೆ? ಅದಕ್ಕೂ ಎರಡು ಮುಖ ಇವೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ನಡೆಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಅಂಕಕ್ಕಾಗಿ ಪುಸ್ತಕ, ತಾಣಗಳಿಂದ ಇದ್ದದ್ದನ್ನು ಇದ್ದಂತೆಯೇ ನಕಲು ಇಳಿಸಿದರು. ಸ್ವಯಂಸೇವಕರು ಅಳಿಸಿ ಅಳಿಸಿ ಸುಸ್ತಾದರು, ಕಾರ್ಯಕ್ರಮ ಅದೇ ವರ್ಷ ನಿಂತುಹೋಯಿತು. ಕರ್ನಾಟಕದ ಅನುಭವ ಅಷ್ಟು ಕಹಿಯಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು 2013ರಿಂದ ತಂತಮ್ಮ ಭಾಷೆಯ ವಿಕಿಗೆ ಬರೆಯತೊಡಗಿದರು. ಕರಾವಳಿಯಲ್ಲೇ ಮಂಗಳೂರಿನ ಸೇಂಟ್ ಅಲೋಶಿಯಸ್, ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ವಿಕಿಪೀಡಿಯ ವಿದ್ಯಾರ್ಥಿ ಸಂಘಗಳು ಬಂದವು, ಕನ್ನಡದ ಜೊತೆ ತುಳು, ಕೊಂಕಣಿಗೂ ಬರಹಗಾರರು ಸಿಕ್ಕರು. ಈ ಮೂರು ತಾಲ್ಲೂಕುಗಳ ಕಡೆಗೆ ಆ ಗಾಳಿ ಅಷ್ಟಾಗಿ ಬೀಸಿಲ್ಲ.

ನಕಲಿನ ವಿಷಯ ಬಂದಿತು. ಅಸೈನ್‌ಮೆಂಟ್ ತಿದ್ದುವ ಅಧ್ಯಾಪಕರಿಗೆ ಅದನ್ನು ಪತ್ತೆಹಚ್ಚಲು ತಂತ್ರಾಂಶ ಬೇಕಿಲ್ಲ. ವಾಕ್ಯದ ಕೊನೆಯಲ್ಲಿ ಚೌಕ ಕಂಸದೊಳಗೆ 2, 3 ಎಂಬ ಅಡಿಟಿಪ್ಪಣಿ ಸಂಖ್ಯೆಗಳು ಹಾಗೆಯೇ ಉಳಿದಿರುತ್ತವೆ. ಕೈಬರಹದ ಹಾಳೆಯಲ್ಲೂ ಆ ಸಂಖ್ಯೆಗಳನ್ನು ಭಕ್ತಿಯಿಂದ ನಕಲಿಸಿದವರುಂಟು! ವಿಕಿಪೀಡಿಯದ ಬರಹವನ್ನು ಬಳಸಲು ಯಾರ ಅಪ್ಪಣೆಯೂ ಬೇಡ, ಆದರೆ ಎಲ್ಲಿಂದ ಪಡೆದದ್ದು ಎಂದು ಹೇಳುವುದು ಪರವಾನಗಿಯ ಷರತ್ತು. ಯುಜಿಸಿಯ 2018ರ ಕೃತಿಚೌರ್ಯ ನಿಯಮಗಳು ಕಾಲೇಜುಗಳಿಗೂ ಅನ್ವಯಿಸುತ್ತವೆ. ಜಿಮ್ಮಿ ವೇಲ್ಸ್ ಅವರೇ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳು ಯಾವ ವಿಶ್ವಕೋಶವನ್ನೂ ಆಕರವಾಗಿ ಉಲ್ಲೇಖಿಸಬಾರದು ಎಂದಿದ್ದರು. ಬ್ರಿಟಾನಿಕಾಕ್ಕೂ ಸೇರಿ ಹೇಳಿದ ಮಾತು ಅದು. ವಿಶ್ವಕೋಶ ಬಾಗಿಲು ಮಾತ್ರ, ಮನೆ ಒಳಗಿದೆ.

ಆದರೆ ಈ ಮೂರು ತಾಲ್ಲೂಕುಗಳ ಮಟ್ಟಿಗೆ ವಿಕಿಯ ದೊಡ್ಡ ಕೊರತೆ ತಪ್ಪಲ್ಲ, ಖಾಲಿತನ. ಹಳ್ಳಿಗಳ ಪುಟಗಳು ಬಹುಪಾಲು ಚುಟುಕುಗಳು: ಇಂಥ ತಾಲ್ಲೂಕು, ಇಂಥ ಜಿಲ್ಲೆ, ಜನಗಣತಿಯ ಎರಡು ಅಂಕಿ, ಮುಗಿಯಿತು. ಅಘನಾಶಿನಿಯ ಅಳಿವೆಯಲ್ಲಿ, ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೆ ಜಗ್ಗದೆ ಬೆಳೆಯುವ ಕಗ್ಗ ಭತ್ತದ ಬಗ್ಗೆ ರೈತರಿಗೆ ಗೊತ್ತಿರುವುದರಲ್ಲಿ ಹತ್ತರಲ್ಲೊಂದು ಪಾಲೂ ಬರಹಕ್ಕೆ ಇಳಿದಿಲ್ಲ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿಯ ಗೊಂಚಲು ಕಾಣದ ಪ್ರಯಾಣಿಕನಿಲ್ಲ, ಅದನ್ನು ಹೆಣೆಯುವ ಬಗೆಯನ್ನು ಬರೆದಿಟ್ಟವರು ವಿರಳ. ವಿಕಿಪೀಡಿಯದ ಒಂದು ಮೂಲ ನಿಯಮ ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ ಎಂಬುದು. ಮೊದಲೇ ಎಲ್ಲೋ ಅಚ್ಚಾಗಿರಬೇಕು. ನಿಯಮ ಒಳ್ಳೆಯದೇ, ಇಲ್ಲದಿದ್ದರೆ ಬಾಯಿಗೆ ಬಂದದ್ದೆಲ್ಲ ಸೇರಿಕೊಳ್ಳುತ್ತದೆ. ಆದರೆ ಹಾಲಕ್ಕಿಗಳ ಹಾಡು, ಮೀನುಗಾರರ ಗಾಳಿ ಲೆಕ್ಕ, ನವಾಯತಿಯ ನುಡಿಗಟ್ಟು ಇವೆಲ್ಲ ಬಾಯಲ್ಲೇ ಇರುವ ಊರುಗಳಿಗೆ ಅದು ಬಾಗಿಲು ಹಾಕಿದಂತೆ.

ಅಚ್ಚಾದದ್ದು ಮಾತ್ರ ಆಧಾರ ಎಂಬುದಕ್ಕೆ ಇನ್ನೊಂದು ಅಡ್ಡಪರಿಣಾಮವಿದೆ. ಸುಲಭಕ್ಕೆ ಸಿಗುವ ಅಚ್ಚು ಎಂದರೆ ಪತ್ರಿಕೆಯ ಸುದ್ದಿ, ಸುದ್ದಿಯಾಗುವುದು ಗಲಾಟೆ. ಕೇತಪೈ ನಾರಾಯಣ ದೇವಾಲಯದ ಕಲ್ಲಿನ ಕೆತ್ತನೆ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಅರಬ್ ಕುದುರೆಗಳು ಇಳಿಯುತ್ತಿದ್ದ ಬಂದರು, 1919ರಷ್ಟು ಹಿಂದೆ ಹುಟ್ಟಿದ ಅಂಜುಮನ್ ವಿದ್ಯಾಸಂಸ್ಥೆ ಇವೆಲ್ಲ ಇರುವ ಭಟ್ಕಳದ ಚಿತ್ರವನ್ನು ಬರೀ ಸುದ್ದಿತುಣುಕುಗಳಿಂದ ಕಟ್ಟಿದರೆ ಪ್ರತಿ ವಾಕ್ಯಕ್ಕೂ ಆಧಾರ ಇದ್ದು, ಒಟ್ಟು ಚಿತ್ರ ಮಾತ್ರ ಓರೆಯಾಗಬಹುದು. ಇದಕ್ಕೆ ತದ್ವಿರುದ್ಧವಾದ ಓರೆಯೂ ಉಂಟು. ದೇವಸ್ಥಾನ, ಕಾಲೇಜು, ಮೇಳಗಳ ಪುಟವನ್ನು ಅವರವರ ಅಭಿಮಾನಿಗಳೇ ಬರೆದಾಗ ಅದು ವಿಶ್ವಕೋಶ ಹೋಗಿ ಸ್ಮರಣಸಂಚಿಕೆ ಆಗುತ್ತದೆ. ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದರು ಎಂಬುದು ಮಾಹಿತಿ. ಅದರ ಹಿಂದೆ ಮುಂದೆ ವಿಶೇಷಣಗಳ ಮಾಲೆ ಹಾಕಿದರೆ ಮಾಹಿತಿ ಹೆಚ್ಚುವುದಿಲ್ಲ.

ಇಲ್ಲಿ ಗ್ರಂಥಾಲಯದ ಕೆಲಸ ಶುರುವಾಗುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಓದುಗನ ಸಮಯ ಉಳಿಸಬೇಕು ಎಂಬುದು ಒಂದು, ಗ್ರಂಥಾಲಯ ಬೆಳೆಯುತ್ತಿರುವ ಜೀವಿ ಎಂಬುದು ಇನ್ನೊಂದು. ವಿಕಿ ಕಂಡಿದ್ದರೆ ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಆ ಹಿರಿಯರು ಬೆಚ್ಚುತ್ತಿರಲಿಲ್ಲ ಎನ್ನಿಸುತ್ತದೆ. ಜಗತ್ತಿನ ಗ್ರಂಥಪಾಲಕರು ವಿಕಿಯನ್ನು ದೂರ ಇಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಒಬ್ಬ ಗ್ರಂಥಪಾಲಕ ವರ್ಷಕ್ಕೆ ಒಂದಾದರೂ ಆಧಾರ ಸೇರಿಸಲಿ ಎಂಬ ಅಭಿಯಾನ 2016ರ ಜನವರಿಯಿಂದ ನಡೆಯುತ್ತಿದೆ. ಈ ಸೀಮೆಯ ಕಪಾಟುಗಳಲ್ಲಿ ಅದಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಬಾಂಬೆ ಪ್ರೆಸಿಡೆನ್ಸಿಯ ಗೆಜೆಟಿಯರಿನ ಹದಿನೈದನೇ ಸಂಪುಟ ಪೂರ್ತಿ ಕೆನರಾ ಜಿಲ್ಲೆಯದು, 1883ರಲ್ಲಿ ಎರಡು ಭಾಗಗಳಲ್ಲಿ ಅಚ್ಚಾಯಿತು. ಫ್ರಾನ್ಸಿಸ್ ಬುಕನನ್ 1801ರಲ್ಲಿ ಈ ದಾರಿಯಲ್ಲಿ ನಡೆದು ಕಂಡದ್ದನ್ನು 1807ರಲ್ಲಿ ಪ್ರಕಟಿಸಿದ. ಸೂರ್ಯನಾಥ ಕಾಮತರ ಸಂಪಾದಕತ್ವದ ಉತ್ತರ ಕನ್ನಡ ಗೆಜೆಟಿಯರ್ 1985ರದು. ಕರ್ನಾಟಕ ವಿಶ್ವವಿದ್ಯಾಲಯದ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಉಚಿತವಾಗಿ ಸಿಗುತ್ತವೆ. ಇವುಗಳ ಪುಟಸಂಖ್ಯೆ ಒಂದು ಚುಟುಕಿಗೆ ಸೇರಿದರೂ ಮುಂದೆ ಬರುವ ನೂರು ವಿದ್ಯಾರ್ಥಿಗಳಿಗೆ ದಾರಿ ಸಿಗುತ್ತದೆ.

ಅಂತರಜಾಲ ಇಲ್ಲದ ಕಡೆ ಏನು ಮಾಡುವುದು ಎಂಬ ಪ್ರಶ್ನೆಗೂ ಉತ್ತರವಿದೆ. ಗೇರುಸೊಪ್ಪೆ, ಹಾಡುವಳ್ಳಿ ಕಡೆಯ ಘಟ್ಟದ ಬುಡದಲ್ಲಿ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಜೊತೆಯಾಗಿ ಕೈಕೊಡುತ್ತವೆ. 2007ರಲ್ಲಿ ಶುರುವಾದ ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬಹುದು, ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ಓದಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು, ಈಗ ‘ಅರಿವು ಕೇಂದ್ರ’ ಎಂಬ ಹೆಸರು ಹೊತ್ತಿವೆ. ಕಂಪ್ಯೂಟರ್ ಬಂದ ಕೇಂದ್ರಗಳಲ್ಲಿ ಮಾಡಬಹುದಾದ ಅತಿ ಅಗ್ಗದ ಕೆಲಸ ಎಂದರೆ ಕಿವಿಕ್ಸ್ ಕಡತ ಇಳಿಸಿಡುವುದು. ಕಡತ ಇಳಿಸಿದ ದಿನಾಂಕವನ್ನು ಮಾತ್ರ ಪರದೆಯ ಪಕ್ಕ ಬರೆದು ಅಂಟಿಸಬೇಕು, ಅಲ್ಲಿಂದಾಚೆ ಅದೂ ಒಂದು ಅಚ್ಚಾದ ಪುಸ್ತಕವೇ.

ವಿಕಿಪೀಡಿಯಕ್ಕೆ ಹೋಗಲಾರದ ಬಾಯಿಮಾತಿನ ಸರಕಿಗೆ ಗ್ರಂಥಾಲಯ ತನ್ನದೇ ವಿಕಿ ಇಟ್ಟುಕೊಳ್ಳಬಹುದು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶ ಉಚಿತ. ಡೋಕುವಿಕಿ ಇನ್ನೂ ಸರಳ, ದತ್ತಸಂಚಯದ ಗೋಜಿಲ್ಲದೆ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಅಜ್ಜಿಯ ಹಾಡು, ಕೇರಿಯ ಬಾವಿಯ ಕಥೆ, ಮೇಳದ ಹಳೆಯ ಕರಪತ್ರ, ಬಂದರಿನ ಲೆಕ್ಕದ ಕಡತ ಎಲ್ಲವನ್ನೂ ಹೇಳಿದವರ ಹೆಸರು, ಊರು, ತಾರೀಖಿನೊಂದಿಗೆ ಅವರ ಒಪ್ಪಿಗೆ ಪಡೆದು ಹಾಕಬಹುದು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅದರಿಂದ ಆಯ್ದ ಬರಹ ಅಚ್ಚಾದರೆ ಮುಂದೆ ಆಧಾರಕ್ಕೂ ಒಂದು ನೆಲೆ ಸಿಕ್ಕಿತು. ಚಿತ್ರಗಳ ವಿಷಯದಲ್ಲಿ ಇಷ್ಟು ಸುತ್ತೂ ಬೇಡ. ತಾನೇ ತೆಗೆದ ಈರುಳ್ಳಿ ಜಡೆಯ ಫೋಟೊವನ್ನು ಯಾರು ಬೇಕಾದರೂ ಕಾಮನ್ಸಿಗೆ ನೇರವಾಗಿ ಏರಿಸಬಹುದು.

ಹಾಗಾಗಿ ಈ ಬೇಸಿಗೆ ರಜೆಯಲ್ಲಿ ಬಿಡುವಿದ್ದವರು ನಿಮ್ಮ ಊರಿನ ಪುಟವನ್ನು ಒಮ್ಮೆ ತೆರೆದು ನೋಡಿ, ಗ್ರಂಥಾಲಯಕ್ಕೆ ಹೋಗಿ ಗೆಜೆಟಿಯರ್ ಇಳಿಸಿಕೊಂಡು ಒಂದೇ ಒಂದು ಸಾಲಿಗೆ ಆಧಾರ ಸೇರಿಸಿ. ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆಯಲು ಹಣ ಬೇಡ, ಪದವಿ ಬೇಡ, ಇಮೇಲ್ ವಿಳಾಸವೂ ಕಡ್ಡಾಯವಲ್ಲ.